ಜಾಲತಾಣದ ಚಕ್ಕುಬಂದಿ

ಇನ್ನೊಬ್ಬರ ವ್ಯವಹಾರ ಬಗೆಹರಿಸುವುದರಲ್ಲಿ ಪಳಗಿದವರು ಸ್ವಂತ ವಿಷಯಕ್ಕೆ ಬಂದಾಗ ಎಂಥ ದಡ್ಡರಾಗುತ್ತಾರೆ ಎಂಬುದನ್ನು ನೋಡಬೇಕಾದರೆ ನೀವು ಬಹಳ ದೂರ ಹೋಗಬೇಕಾಗಿಲ್ಲ, ಮಂಡ್ಯದಲ್ಲಿ ನಮ್ಮ ಮನೆಗೆ ಬಂದರೆ ಸಾಕು. ನಾನು ಮೂವತ್ತೆರಡು ವರ್ಷ ಸರ್ವೇ ಇಲಾಖೆಯಲ್ಲಿ ಭೂಮಾಪಕನಾಗಿದ್ದವನು. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ನಾನು ಸರಪಳಿ ಎಳೆಯದ ಬದು ಕಡಿಮೆ. ಅಣ್ಣತಮ್ಮಂದಿರು ಕುಡುಗೋಲು ಹಿಡಿದು ಎದುರುಬದುರು ನಿಂತಿದ್ದ ಗದ್ದೆಗೆ ಇಳಿದು, ಅರ್ಧ ದಿನದಲ್ಲಿ ಅಳೆದು, ಕಲ್ಲು ನೆಡಿಸಿ, ಇಬ್ಬರ ಕೈಯಲ್ಲೂ ಒಂದೊಂದು ಎಳನೀರು ಕುಡಿದು ಬಂದಿದ್ದೇನೆ. ಅಂಥ ನಾನು ಮನೆಗೆ ಪೊರಕೆ ತರಲು ಹೋದರೆ ನಾಲ್ಕು ಅಂಗಡಿ ಸುತ್ತಿ ಬರಿಗೈಯಲ್ಲಿ ವಾಪಸಾಗುತ್ತೇನೆ. ಒಂದರ ಹಿಡಿ ಸರಿಯಿಲ್ಲ, ಇನ್ನೊಂದರ ಕಡ್ಡಿ ಉದುರುತ್ತದೆ, ಮೂರನೆಯದು ಚೆನ್ನಾಗಿದೆ, ಆದರೆ ನಾಲ್ಕನೆಯದನ್ನು ನೋಡದೆ ಹೇಗೆ ಹೇಳುವುದು? ನನ್ನ ಹೆಂಡತಿ ಜಯಮ್ಮ ಮಳವಳ್ಳಿ ಕಡೆಯ ಹೆಣ್ಣುಮಗಳು, ಮಾತು ಸುತ್ತಿಬಳಸಿ ಆಡುವವಳಲ್ಲ. "ಪೊರಕೆಗೂ ನಕ್ಷೆ ತರಿಸ್ಬೇಕಾ ನಿಮ್ಗೆ?" ಎಂದು ಕೇಳಿ, ತಾನೇ ಹೋಗಿ ಮೊದಲ ಅಂಗಡಿಯಲ್ಲಿ ಮೊದಲು ಕೈಗೆ ಸಿಕ್ಕಿದ್ದನ್ನು ತಂದುಬಿಡುತ್ತಾಳೆ. ಅದು ಎರಡು ವರ್ಷ ಬಾಳಿಕೆ ಬರುತ್ತದೆ ಎನ್ನುವುದು ನನಗೆ ಇನ್ನೂ ಬೇಸರದ ಸಂಗತಿ.

ಪೊರಕೆಯ ವಿಷಯದಲ್ಲೇ ಹೀಗಿರುವ ಮನುಷ್ಯ ಒಂದು ಜಾಲತಾಣ ಮಾಡಲು ಹೊರಟರೆ ಏನಾಗಬೇಡ! ಅದು ಯಾಕೆ ಬೇಕಾಯಿತು ಎಂದು ಮೊದಲು ಹೇಳಿಬಿಡುತ್ತೇನೆ. ಸರ್ಕಾರದ ಕಡತಗಳಲ್ಲಿ ಗದ್ದೆಗೆ ಹೆಸರಿಲ್ಲ, ನಂಬರು ಮಾತ್ರ. ಆದರೆ ನಮ್ಮ ಕಡೆ ಬೆಳಿಗ್ಗೆ ಗುದ್ದಲಿ ಹೊತ್ತು ಹೊರಟವನನ್ನು ಎಲ್ಲಿಗೆ ಎಂದು ಕೇಳಿ ನೋಡಿ, ಸರ್ವೇ ನಂಬರ್ ನೂರ ಹನ್ನೆರಡಕ್ಕೆ ಎಂದು ಯಾರೂ ಹೇಳುವುದಿಲ್ಲ. "ಕನ್ನಡಿ ಗದ್ದೆಗ್ ಓಯ್ತಿವ್ನಿ" ಎನ್ನುತ್ತಾನೆ. ಯಾವಾಗಲೂ ನೀರು ನಿಂತು ಫಳಫಳ ಹೊಳೆಯುವುದರಿಂದ ಅದು ಕನ್ನಡಿ ಗದ್ದೆ. ಹೊಳಲಿನ ಕಡೆ ಒಂದು ಅಳುಗದ್ದೆ ಸಿಕ್ಕಿತು, ಬೇಸಿಗೆಯಲ್ಲೂ ಅದರ ಮೂಲೆಯಲ್ಲಿ ಜಿನುಗು ನಿಲ್ಲುವುದಿಲ್ಲ. ಮಳವಳ್ಳಿ ಕಡೆ ಅತ್ತೆ ಮುನಿದ ಹೊಲ ಎಂದು ಒಂದಿದೆ. ಯಾರ ಅತ್ತೆ, ಯಾಕೆ ಮುನಿದಳು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಮುನಿದದ್ದು ಮಾತ್ರ ಎಲ್ಲರೂ ಒಪ್ಪುತ್ತಾರೆ. ನಂಬರನ್ನು ಇಲಾಖೆಯ ಪುಸ್ತಕದಲ್ಲಿ ಬರೆದೆ, ಹೆಸರನ್ನು ನನ್ನ ಸ್ವಂತ ನೋಟುಪುಸ್ತಕದಲ್ಲಿ ಬರೆದುಕೊಂಡೆ. ನಿವೃತ್ತಿಯ ಹೊತ್ತಿಗೆ ಅಂಥ ನಾಲ್ಕು ಪುಸ್ತಕ ತುಂಬಿದ್ದವು.

ನಾನು ಬರೆದುಕೊಂಡೆ ಎಂದೆನಲ್ಲ, ಅದರಲ್ಲಿ ಮುಕ್ಕಾಲು ಸುಳ್ಳು. ನಾನು ಬಗ್ಗಿ ಕೋನ ನೋಡುತ್ತಿದ್ದರೆ, ಬದುವಿನ ಮೇಲೆ ಬೀಡಿ ಹಚ್ಚಿ ಕುಳಿತು ಅಕ್ಕಪಕ್ಕದವರ ಬಾಯಿಂದ ಹೆಸರು ಹೊರಡಿಸುತ್ತಿದ್ದವನು ಕೆಂಚಯ್ಯ. ಸರಪಳಿಯ ಇನ್ನೊಂದು ತುದಿ ಹಿಡಿದು, ಎಲ್ಲೆ ಕಲ್ಲು ನೆಡುವ ನೌಕರನನ್ನು ನಮ್ಮ ಇಲಾಖೆಯಲ್ಲಿ ಬಾಂದು ಜವಾನ ಎನ್ನುತ್ತಾರೆ. ಕೆಂಚಯ್ಯ ಇಪ್ಪತ್ತಾರು ವರ್ಷ ನನ್ನ ಬಾಂದು ಜವಾನ. ದುದ್ದದಿಂದ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರು ಅವನದು. ಅವನಿಗೂ ಎಂಟು ಗುಂಟೆ ಗದ್ದೆ ಇತ್ತು. ಅದರ ಹೆಸರು ಮೂಗುತಿ ಗದ್ದೆ, ಅವನ ತಾಯಿ ಮೂಗುತಿ ಬಿಚ್ಚಿ ಮಾರಿ ಕೊಂಡದ್ದಂತೆ. ಆಮೇಲೆ ಆಕೆ ಸಾಯುವ ತನಕ ಮೂಗಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡೇ ಇದ್ದಳಂತೆ. ಆ ಗದ್ದೆ ರಸ್ತೆಗೆ ಹೋಯಿತು. ಹೋಗುವ ಮುಂಚೆ ಅದನ್ನು ಅಳೆಯಬೇಕಲ್ಲ, ಅಳೆದು ಕೊಟ್ಟವನು ನಾನೇ. ಸರಪಳಿಯ ಆ ತುದಿಯನ್ನು ಹಿಡಿದಿದ್ದವನು ಕೆಂಚಯ್ಯನೇ. ಆ ದಿನ ಅವನು ಕಲ್ಲನ್ನು ಎಂದಿಗಿಂತ ನೇರವಾಗಿ ನೆಟ್ಟ. ಬಸ್ಸಿನಲ್ಲಿ ವಾಪಸು ಬರುವಾಗ, "ಮೂಗುತಿ ಗದ್ದೆ ಅಂತ ನಿಮ್ ಪುಸ್ತಕ್ದಲ್ಲಿ ಬರ್ಕಂಡ್ರಾ ಸಾ?" ಎಂದು ಕೇಳಿದ. ಬರೆದುಕೊಂಡೆ ಎಂದೆ. ಅಷ್ಟು ಸಣ್ಣ ಸಮಾಧಾನವನ್ನು ಕೊಡುವುದಕ್ಕಾದರೂ ನನ್ನಿಂದ ಆಯಿತಲ್ಲ ಎಂದು ನನಗೆ ಆಗ ಅನ್ನಿಸಿತ್ತು.

ನಿವೃತ್ತಿಯಾದ ಮೇಲೆ ಈ ನಾಲ್ಕು ಪುಸ್ತಕಗಳನ್ನು ಏನು ಮಾಡುವುದು? ಅಚ್ಚು ಹಾಕಿಸಿದರೆ ನೆಂಟರಿಗೆ ಹಂಚಬೇಕು, ನೆಂಟರು ಅದರ ಮೇಲೆ ಕಾಫಿ ಲೋಟ ಇಡುತ್ತಾರೆ. ಜಾಲತಾಣ ಮಾಡಿದರೆ ಎಲ್ಲಿಂದ ಬೇಕಾದರೂ ಯಾರು ಬೇಕಾದರೂ ನೋಡಬಹುದು ಎಂದು ಯಾರೋ ತಲೆಗೆ ತುಂಬಿದರು. ಬಸ್‌ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ಸೆಂಟರಿಗೆ ಸೇರಿ, ನನ್ನ ಅರ್ಧ ವಯಸ್ಸಿನ ಮೇಡಂ ಕೈಯಲ್ಲಿ ಬೈಸಿಕೊಂಡು, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ನಲವತ್ತು ಪುಟ ತಯಾರು ಮಾಡಿದೆ. ಮೇಡಂ ನೋಡಿ, "ಚೆನ್ನಾಗಿದೆ ಸರ್. ಇನ್ನು ಒಂದು ಹೋಸ್ಟಿಂಗ್ ಕಂಪನಿ ಆರಿಸ್ಕೊಂಡು ಅಲ್ಲಿಗೆ ಹಾಕಿಬಿಡಿ. ಹತ್ತು ನಿಮಿಷದ ಕೆಲಸ" ಎಂದರು. ಆರಿಸಿಕೊಂಡು ಎಂಬ ಮಾತು ಬಂದಾಗಲೇ ನಾನು ಎಚ್ಚರವಾಗಬೇಕಿತ್ತು. ಆ ಹತ್ತು ನಿಮಿಷದ ಕೆಲಸ ಹತ್ತು ತಿಂಗಳು ಹಿಡಿಯಿತು.

ತಪ್ಪು ಪೂರ್ತಿ ನನ್ನದಲ್ಲ ಎಂದು ಹೇಳಿಕೊಳ್ಳಲು ನನಗೆ ಒಂದು ಆಧಾರವಿದೆ. ಶುಭ ಸಮಾಚಾರ ತಿಳಿಸೋಣವೆಂದು ಕೆಂಚಯ್ಯನಿಗೆ ಫೋನು ಮಾಡಿದೆ. ಹೋಸ್ಟಿಂಗ್ ಎಂದರೆ ಏನೆಂದು ಅವನಿಗೆ ವಿವರಿಸಬೇಕಾಯಿತು. ನಮ್ಮ ಪುಟಗಳು ನಮ್ಮ ಮನೆಯ ಕಂಪ್ಯೂಟರಿನಲ್ಲಿದ್ದರೆ ನಾವು ಮಾತ್ರ ನೋಡಬಹುದು. ಹಗಲೂ ರಾತ್ರಿ ಚಾಲೂ ಇರುವ ದೊಡ್ಡ ಕಂಪ್ಯೂಟರು ಇಟ್ಟುಕೊಂಡಿರುವ ಕಂಪನಿಯವರಿಗೆ ಬಾಡಿಗೆ ಕೊಟ್ಟು ಅವರಲ್ಲಿ ಇಟ್ಟರೆ ಜಗತ್ತೆಲ್ಲ ನೋಡಬಹುದು, ಎಂದೆ. ಕೆಂಚಯ್ಯನಿಗೆ ಥಟ್ಟನೆ ಅರ್ಥವಾಯಿತು. "ಗೊತ್ತಾಯ್ತು ಬುಡಿ ಸಾ. ನಮ್ ಮೇಕೆನ ಬ್ಯಾರೇರ್ ಮನೇಲಿ ಸಾಕಕ್ ಬುಡ್ತೀವಲ್ಲ, ಅಂಗೆ" ಎಂದ. ಹೌದು, ಹಾಗೇ ಎಂದೆ. "ಅಂಗಾರೆ ಕೊಟ್ಟಿಗೆ ನೋಡ್ಕ ಬಂದ್ರಾ? ಕೊಟ್ಟಿಗೆ ನೋಡ್ದೆ ಯಾರಾರ ಮೇಕೆ ಬುಡ್ತಾರಾ ಸಾ?" ಎಂದು ಕೇಳಿದ. ನನಗೆ ಆ ಪ್ರಶ್ನೆ ನೆಟ್ಟಗೆ ಎದೆಗೆ ನಾಟಿತು. ಜೀವಮಾನವೆಲ್ಲ ಸ್ಥಳ ಪರಿಶೀಲನೆ ಮಾಡದೆ ಒಂದು ಕಾಗದಕ್ಕೆ ರುಜು ಹಾಕದ ನಾನು, ಈಗ ನನ್ನ ನಾಲ್ಕು ಪುಸ್ತಕಗಳನ್ನು ಕಣ್ಣಿಗೆ ಕಾಣದ ಜಾಗಕ್ಕೆ ಬಿಟ್ಟುಬಿಡುವುದೇ? ಫೋನಿಡುವ ಮುಂಚೆ ಕೆಂಚಯ್ಯ ಇನ್ನೊಂದು ಮಾತು ಹೇಳಿದ. ಅವನ ಎಡಗಣ್ಣು ಹೋಗಿತ್ತು. ಕಣ್ಣೊಳಗೆ ಪ್ರೆಶರ್ ಅಂತೆ, ಬಲಗಣ್ಣಿಗೂ ಹತ್ತಿದೆ, ಹೋದದ್ದು ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. "ವಸಿ ಬಿರ್ನೆ ಆಕಿ ಸಾ. ಮೂಗುತಿ ಗದ್ದೆ ಅಂತ ಬರ್ದಿರದ ಒಂದ್ಸಲ ಈ ಕಣ್ಣಲ್ ನೋಡ್ಬುಡ್ತೀನಿ" ಎಂದ. ಆಯಿತು ಕೆಂಚಯ್ಯ, ಈ ವಾರದಲ್ಲೇ ಎಂದೆ.

ಆ ವಾರ ನಾನು ಒಂದು ಹೊಸ ನೋಟುಪುಸ್ತಕ ಕೊಂಡೆ. ಅದರಲ್ಲಿ ಗೆರೆ ಹಾಕಿ, ಕಂಪನಿಗಳ ಹೆಸರನ್ನು ಎಡಕ್ಕೆ ಬರೆದು, ಗುಣದೋಷಗಳಿಗೆ ಅಂಕಣ ಮಾಡಿದೆ. ಮೊದಲ ದಿನ ಐದು ಕಂಪನಿ ಇದ್ದವು, ತಿಂಗಳ ಕೊನೆಗೆ ಇಪ್ಪತ್ತೊಂದಾದವು. ಒಂದೊಂದು ಕಂಪನಿಗೆ ನಾಲ್ಕು ನಾಲ್ಕು ಥರದ ಪ್ಲಾನುಗಳು. ಅಗ್ಗದ್ದಕ್ಕೆಲ್ಲ ಶೇರ್ಡ್ ಎಂದು ಹೆಸರು. ಶೇರ್ಡ್ ಎಂದರೆ ಏನೆಂದು ನೋಡಿದರೆ, ಒಂದೇ ಯಂತ್ರದಲ್ಲಿ ನೂರಾರು ಜನರ ಜಾಲತಾಣಗಳು ಒಟ್ಟಿಗೆ ಇರುತ್ತವಂತೆ. ಇದು ಜಂಟಿ ಖಾತೆಯಲ್ಲದೆ ಮತ್ತೇನು? ಜಂಟಿ ಖಾತೆ ಎಂದರೆ ಏನೆಂದು ನನ್ನನ್ನು ಕೇಳಿ. ಆತಗೂರಿನ ಹತ್ತಿರ ಅಣ್ಣತಮ್ಮಂದಿರ ಬದುವಿನ ಮೇಲೆ ಒಂದು ತೆಂಗಿನ ಮರವಿತ್ತು. ಬುಡ ಅಣ್ಣನ ಕಡೆ, ವಾಲಿದ್ದು ತಮ್ಮನ ಕಡೆ. ಕಾಯಿ ಬೀಳುವುದು ತಮ್ಮನ ಗದ್ದೆಗೆ. ಆ ಒಂದು ಮರಕ್ಕಾಗಿ ನಾನು ಮೂರು ಸಲ ಅಳೆದೆ. ಮೂರನೆಯ ಸಲ ಹೋದಾಗ ಅಣ್ಣ ನನಗೆ ಅದೇ ಮರದ ಎಳನೀರು ಕೊಟ್ಟ, ನಾನು ಕುಡಿದೆ, ತಮ್ಮ ಅದನ್ನು ಸಾಕ್ಷಿ ಸಮೇತ ಮೇಲಧಿಕಾರಿಗೆ ಬರೆದು ಹಾಕಿದ. ಇಬ್ಬರ ನಡುವೆಯೇ ಹೀಗಾದರೆ ನೂರಾರು ಜನರ ನಡುವೆ ನನ್ನ ಮೂಗುತಿ ಗದ್ದೆಯನ್ನು ಬಿಟ್ಟು ಯಾವ ಧೈರ್ಯದ ಮೇಲೆ ಮಲಗುವುದು? ಶೇರ್ಡ್ ಎಂಬುದರ ಮುಂದೆಲ್ಲ ಕೆಂಪು ಶಾಯಿಯಲ್ಲಿ ಕಾಟು ಹೊಡೆದೆ.

ಇನ್ನು ಕೆಲವರು ಜಾಗಕ್ಕೆ ಮಿತಿಯೇ ಇಲ್ಲ, ಎಷ್ಟು ಬೇಕಾದರೂ ತುಂಬಿ ಎಂದು ಬರೆದುಕೊಂಡಿದ್ದರು. ಮಿತಿಯಿಲ್ಲದ ಜಾಗವನ್ನು ನಾನು ಸರ್ವೀಸಿನಲ್ಲಿ ಒಂದು ಸಲವೂ ಕಂಡಿಲ್ಲ. ಹಾಗೆ ಹೇಳಿದವರ ಜಮೀನು ಅಳೆದಾಗಲೆಲ್ಲ ಎರಡು ಗುಂಟೆ ಕಡಿಮೆಯೇ ಬಂದಿದೆ. ಅವರಿಗೂ ಕಾಟು. ಗಿರಾಕಿಗಳ ಅಭಿಪ್ರಾಯ ಓದೋಣವೆಂದರೆ ಎಲ್ಲರೂ ಐದು ನಕ್ಷತ್ರ ಕೊಟ್ಟು, ಹೆಚ್ಚುಕಡಿಮೆ ಒಂದೇ ಮಾತನ್ನು ಬರೆದಿದ್ದರು. ಮಹಜರಿನಲ್ಲಿ ಐದು ಜನ ಸಾಕ್ಷಿಗಳು ಒಂದೇ ವಾಕ್ಯ ಹೇಳಿದರೆ ಹಿಂದೆ ಒಬ್ಬ ನಿಂತು ಹೇಳಿಕೊಟ್ಟಿದ್ದಾನೆ ಎಂದೇ ಅರ್ಥ. ಒಂದು ಕಂಪನಿಯ ಪುಟದಲ್ಲಿ ಕೆಂಪು ಗಡಿಯಾರ ಓಡುತ್ತಿತ್ತು. ಇನ್ನು ಹದಿನೈದು ನಿಮಿಷದಲ್ಲಿ ರಿಯಾಯಿತಿ ಮುಗಿಯುತ್ತದೆ ಎಂದು. ಜಯಮ್ಮನನ್ನು ಕೂಗಿ ಕರೆದೆ. ಅವಳು ಸೌಟು ಹಿಡಿದೇ ಬಂದು ನೋಡಿ, "ಆ ಬಟ್ಟೆ ಅಂಗಡೀಲೂ ಇವತ್ತೇ ಕೊನೆ ದಿನ ಅಂತ ಯುಗಾದಿಯಿಂದ ಬೋರ್ಡ್ ತಗ್ಲಾಕವ್ರೆ ಕಣ್ರೀ. ಮುಚ್ಚಿ ತೆಗೀರಿ, ಮತ್ತೆ ಹದಿನೈದು ನಿಮಿಷ ಬರ್ತದೆ" ಎಂದಳು. ಮುಚ್ಚಿ ತೆಗೆದೆ. ಹದಿನೈದು ನಿಮಿಷ ಬಂತು.

ಕೊನೆಗೆ ಎಲ್ಲವನ್ನೂ ಸೋಸಿ ಒಂದು ಕಂಪನಿಯನ್ನು ಉಳಿಸಿಕೊಂಡು, ಕೊಟ್ಟಿಗೆಯ ವಿಚಾರವನ್ನು ಬಾಯಿಬಿಟ್ಟು ಕೇಳಿಯೇಬಿಡೋಣವೆಂದು ಅವರ ಗ್ರಾಹಕ ಸೇವೆಗೆ ಫೋನು ಮಾಡಿದೆ. ಒಬ್ಬ ಹೆಣ್ಣುಮಗಳು ಸಿಕ್ಕಳು, ಮಾತು ಬಹಳ ನಯ. ನನ್ನ ಪುಟಗಳನ್ನು ನಿಮ್ಮಲ್ಲಿ ಇಟ್ಟರೆ ಅವು ಎಲ್ಲಿರುತ್ತವೆ ಎಂದು ಕೇಳಿದೆ. "ಕ್ಲೌಡ್‌ನಲ್ಲಿ ಇರುತ್ತೆ ಸರ್" ಎಂದಳು. ಅದು ಯಾವ ಊರಲ್ಲಿದೆ ಎಂದೆ. "ಮುಂಬೈನಲ್ಲಿ ಸರ್" ಎಂದಳು. ನನ್ನ ಹಳೆಯ ಕಸುಬು ತಲೆಗೇರಿತು. ಯಾವ ಜಾಗವಾದರೂ ಅದರ ನಾಲ್ಕು ದಿಕ್ಕಿಗೆ ಏನಿದೆ ಎಂದು ಬರೆಯದಿದ್ದರೆ ನಮಗೆ ಅದು ಜಾಗವೇ ಅಲ್ಲ, ಅದನ್ನೇ ನಾವು ಚಕ್ಕುಬಂದಿ ಎನ್ನುವುದು. "ಚಕ್ಕುಬಂದಿ ಹೇಳಮ್ಮ. ಕಟ್ಟಡದ ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಏನಿದೆ? ಹತ್ತಿರದಲ್ಲಿ ಹಳ್ಳ ಇದೆಯಾ?" ಎಂದೆ. ಅವಳು "ಒಂದು ನಿಮಿಷ ಲೈನಲ್ಲಿರಿ ಸರ್" ಎಂದು ಸಂಗೀತ ಹಾಕಿ ಹೋದಳು. ಐದು ನಿಮಿಷ ಕೊಳಲು ಕೇಳಿದೆ. ವಾಪಸು ಬಂದು, ಆ ಮಾಹಿತಿ ತಮ್ಮಲ್ಲಿ ಇಲ್ಲ ಎಂದಳು. ನಮ್ಮ ಕಡೆಯವರಿಗೆ ಎದುರಿನವರ ಊರು ಗೊತ್ತಾಗದಿದ್ದರೆ ಮಾತು ಮುಂದೆ ಸಾಗುವುದಿಲ್ಲ. "ಹೋಗ್ಲಿ, ನಿಂದು ಯಾವೂರಮ್ಮ?" ಎಂದೆ. "ಅದೆಲ್ಲ ಹೇಳೋ ಹಾಗಿಲ್ಲ ಸರ್" ಎಂದಳು. ನಾನು ಮಂಡ್ಯದವನು ಎಂದೆ. ಅವಳು ದನಿ ತಗ್ಗಿಸಿ, ಅಕ್ಕಪಕ್ಕ ಕುಳಿತವರಿಗೆ ಕೇಳಬಾರದು ಎಂಬಂತೆ, "ನಮ್ದು ಮದ್ದೂರ್ ಕಡೆ ಸಾರ್" ಎಂದಳು.

ಅಲ್ಲಿಂದಾಚೆಗೆ ಆ ನಯವಾದ ಭಾಷೆ ಎತ್ತ ಹೋಯಿತೋ. "ನೋಡಿ ಸಾರ್, ನಮ್ಮಪ್ಪಾಜೀನೂ ಇಂಗೇಯ. ಒಂದ್ ಟಾರ್ಚ್ ತರಕ್ಕೆ ಮೂರ್ ಸಂತೆ ತಿರುಗ್ತದೆ. ನಿಮ್ದು ಎಷ್ಟ್ ಪುಟ ಅದೆ?" ಎಂದಳು. ನಲವತ್ತು ಎಂದೆ. "ಪೋಟೋ, ವಿಡಿಯೋ?" ಯಾವುದೂ ಇಲ್ಲ ಎಂದೆ. "ಅಯ್ಯೋ, ನಲ್ವತ್ತು ಪುಟಕ್ಕೆ ಯಾವ್ದಾದ್ರೂ ಆಯ್ತದೆ ಸಾರ್. ಚಿಕ್ಕದು ತಗಳಿ ಸಾಕು. ನಮ್ದೇ ತಗಳಿ ಅಂತಾನೂ ನಾನ್ ಏಳಲ್ಲ. ಎಲ್ಲಾರ ಒಂದ್ ಕಡೆ ಮೊದ್ಲು ಇಡಿ. ಸರಿ ಓಗ್ನಿಲ್ಲ ಅಂದ್ರೆ ಎತ್ಕಂಡೋಗಿ ಬ್ಯಾರೆ ಕಡೆ ಇಟ್ಕಬೋದು" ಎಂದಳು. ಇಷ್ಟು ಒಳ್ಳೆಯ ಸಲಹೆಯನ್ನು ಸ್ವಂತ ಮಗಳೂ ಕೊಡಲಾರಳು. ಆ ಕ್ಷಣದಲ್ಲೇ ಅವಳ ಕಂಪನಿಯ ಚಿಕ್ಕ ಪ್ಲಾನು ತೆಗೆದುಕೊಂಡಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ತಲೆಯಲ್ಲಿ ಎತ್ತಿಕೊಂಡು ಹೋಗಬಹುದು ಎಂಬ ಒಂದೇ ಮಾತು ಉಳಿಯಿತು. ಜಾಗವೆಂದರೆ ಕದಲದ್ದು ಎಂದು ನಂಬಿ ಬದುಕಿದವನು ನಾನು. ಎತ್ತಿಕೊಂಡು ಹೋಗಲು ಬರುತ್ತದೆ ಎಂದಮೇಲೆ, ಯಾವ ಕಂಪನಿಯಿಂದ ಎತ್ತುವುದು ಸುಲಭ, ಯಾವುದರಿಂದ ಕಷ್ಟ ಎಂದು ತಿಳಿಯಬೇಡವೇ? ನೋಟುಪುಸ್ತಕದಲ್ಲಿ ಇನ್ನೊಂದು ಅಂಕಣ ಎಳೆದೆ. ಕಾಟು ಹೊಡೆದಿದ್ದ ಇಪ್ಪತ್ತು ಕಂಪನಿಗಳಿಗೂ ಮತ್ತೆ ಜೀವ ಬಂತು.

ಈ ನಡುವೆ ಮುಂಬೈಗೇ ಹೋಗಿ ಆ ಕಟ್ಟಡವನ್ನು ಹೊರಗಿನಿಂದಲಾದರೂ ಒಂದು ಸಲ ನೋಡಿ ಬರೋಣವೇ ಎಂಬ ಯೋಚನೆಯೂ ಬಂದಿತ್ತು. ಅದನ್ನು ಜಯಮ್ಮನ ಮುಂದೆ ಆಡಿದ್ದು ತಪ್ಪಾಯಿತು. "ನನ್ನ ನೋಡಕ್ ಬಂದಾಗ ಒಂದ್ ಲೋಟ ಕಾಫಿ ಆರೋ ಅಷ್ಟ್ರಲ್ಲಿ ಒಪ್ಕೊಂಡ್ಬುಟ್ರಿ. ಆಗ ಎಲ್ಲೋಗಿತ್ತು ಈ ಅಂಕಣ ಎಲ್ಲಾ?" ಎಂದಳು. ಆ ದಿನ ನಮ್ಮ ಸೋದರಮಾವ ಜೊತೆಗಿದ್ದರು, ಒಪ್ಪಿದ್ದು ಅವರು, ನಾನು ತಲೆಯಾಡಿಸಿದೆ ಅಷ್ಟೆ ಎಂಬ ನಿಜವನ್ನು ಹೇಳುವ ವಯಸ್ಸು ಅಲ್ಲ ನನ್ನದು. ಅವಳು ಬಿಡಲಿಲ್ಲ. "ಆ ಕೆಂಚಯ್ಯ ತಿಂಗ್ಳಿಗೊಂದ್ಸಲ ಫೋನ್ ಮಾಡಿ ಕೇಳ್ತದೆ, ನೀವು ಈ ವಾರ ಈ ವಾರ ಅಂತೀರಿ. ಅವ್ನ್ ಕಣ್ಣು ನಿಮ್ ಪುಸ್ತಕ ತುಂಬೋಗಂಟ ಕಾಯ್ತದಾ?" ಎಂದಳು. ಕೆಂಚಯ್ಯ ನಿಜಕ್ಕೂ ತಿಂಗಳಿಗೊಮ್ಮೆ ಕೇಳುತ್ತಿದ್ದ. "ಕೊಟ್ಟಿಗೆ ಸಿಕ್ತಾ ಸಾ?" ಎನ್ನುತ್ತಿದ್ದ. ಇನ್ನೂ ನೋಡುತ್ತಿದ್ದೇನೆ ಎನ್ನುತ್ತಿದ್ದೆ. "ನೋಡಿ ನೋಡಿ, ಅವಸ್ರ ಏನಿಲ್ಲ" ಎನ್ನುತ್ತಿದ್ದ. ಅವಸರವಿದ್ದವನು ಅವನು, ಅವಸರವಿಲ್ಲ ಎಂದು ಹೇಳುತ್ತಿದ್ದವನೂ ಅವನೇ. ಒಂಬತ್ತನೆಯ ತಿಂಗಳಲ್ಲಿ ಅವನ ಫೋನು ಬರಲಿಲ್ಲ. ನಾನಾಗಿ ಮಾಡಲು ಹೆದರಿಕೆ. ಕಣ್ಣಿನ ಸುದ್ದಿ ಏನು ಕೇಳಬೇಕಾಗುತ್ತದೋ ಎಂದು ನಾನೂ ಮಾಡಲಿಲ್ಲ.

ಹತ್ತನೆಯ ತಿಂಗಳಲ್ಲಿ ಫೋನು ಬಂತು. "ಸಾ, ನಾಳಿಕ್ ಸಾಯಂಕಾಲ ಊರ್ತಾವ್ ಬತ್ತೀರಾ? ವಸಿ ಅಳ್ತೆ ಕೆಲ್ಸ ಅದೆ, ಟೇಪ್ ತನ್ನಿ" ಎಂದ. ಯಾರದೋ ಬದುವಿನ ಜಗಳವಿರಬೇಕೆಂದು ಅಟ್ಟದ ಮೇಲಿದ್ದ ಟೇಪನ್ನು ಧೂಳು ಕೊಡವಿ ಚೀಲಕ್ಕೆ ಹಾಕಿಕೊಂಡೆ. ದುದ್ದದ ತನಕ ಬಸ್ಸು, ಅಲ್ಲಿಂದ ಆಟೋ. ಇಳಿದದ್ದು ಅವರೂರ ಹಾಲಿನ ಡೈರಿಯ ಮುಂದೆ. ಸಂಜೆ ಹಾಲು ಹಾಕುವ ಹೊತ್ತು, ಕ್ಯಾನು ಹಿಡಿದವರ ಸಾಲು. ಆ ಸಾಲಿನಲ್ಲಿದ್ದವರೆಲ್ಲ ಡೈರಿಯ ಪಕ್ಕದ ಉದ್ದ ಗೋಡೆಯ ಕಡೆ ತಿರುಗಿ ನಿಂತು ಏನನ್ನೋ ಓದುತ್ತ, ಒಬ್ಬರಿಗೊಬ್ಬರು ಜಗಳವಾಡುತ್ತಿದ್ದರು. ಒಬ್ಬಳು ಹೆಂಗಸು, "ಅದು ಬಳೆಗಾರ್ನ ಮೂಲೆ ಅಲ್ಲ ಕಣಮ್ಮ, ನಮ್ಮತ್ತೆ ಬಳೆ ಮೂಲೆ ಅಂತಿದ್ರು" ಎನ್ನುತ್ತಿದ್ದಳು. ನಾನು ಗೋಡೆ ನೋಡಿದೆ. ಸುಣ್ಣದ ಮೇಲೆ ನೀಲಿ ಬಣ್ಣದಲ್ಲಿ ಆ ಊರಿನ ಗದ್ದೆಗಳ ಹೆಸರುಗಳು. ಮೇಲಿನಿಂದ ಕೆಳಕ್ಕೆ, ಸಾಲು ಸಾಲಾಗಿ, ಒಂದೊಂದು ಅಕ್ಷರ ಗೇಣುದ್ದ. ಕೊನೆಯಲ್ಲಿ, ಅಳೆದು ಬರೆದುಕೊಂಡವರು ನಮ್ಮ ಸರ್ವೇ ಸಾಹೇಬರು ಎಂದು ನನ್ನ ಹೆಸರು. ಕೆಂಚಯ್ಯನ ಹೆಸರು ಎಲ್ಲೂ ಇರಲಿಲ್ಲ.

ಗೋಡೆಯ ಪಕ್ಕದ ಕಲ್ಲಿನ ಮೇಲೆ ಅವನು ಕುಳಿತಿದ್ದ. ನನ್ನ ದನಿ ಕೇಳಿ ಎದ್ದು ನಿಂತ, ಮುಖವನ್ನು ಸ್ವಲ್ಪ ಓರೆ ಮಾಡಿಕೊಂಡು ನನ್ನನ್ನು ಹುಡುಕಿದ. "ತೆಪ್ ತಿಳೀಬ್ಯಾಡಿ ಸಾ" ಎಂದು ಶುರು ಮಾಡಿದ. "ನಿಮ್ ಕಂಪ್ಯೂಟರ್‌ನಲ್ ಬತ್ತದೆ ಅಂತ ಗೊತ್ತು. ಅಲ್ಲೀಗಂಟ ಇರ್ಲಿ ಅಂತ ದುದ್ದದ ಬೋರ್ಡ್ ಬರ್ಯೋನ್ನ ಕರ್ಕಬಂದು ಬರ್ಸ್ಬುಟ್ಟೆ. ನಾನ್ ಏಳ್ದೆ, ಅವ್ನ್ ಬರ್ದ. ಅಕ್ಸರ ಯಾಕ್ ಇಸ್ಟ್ ದೊಡ್ದು ಅಂದ, ನನ್ ಕಣ್ಣಿಗ್ ಕಾಣೋದು ಅಷ್ಟೇಯ ಕಣಪ್ಪ ಅಂದೆ." ಆಮೇಲೆ ಗೋಡೆಯ ಮೇಲೆ ಕೈಯಾಡಿಸುತ್ತ ಮೂರನೆಯ ಸಾಲಿಗೆ ಹೋಗಿ, ಮೂಗು ತಾಗುವಷ್ಟು ಹತ್ತಿರ ನಿಂತು, ಒಂದೊಂದೇ ಅಕ್ಷರ ಕೂಡಿಸಿ ಓದಿದ. "ಮೂ, ಗು, ತಿ, ಗದ್ದೆ. ಸರಿಯಾಗ್ ಅದಾ ಸಾ?" ಸರಿಯಾಗಿದೆ ಎಂದೆ. ನನಗೆ ಬಹಳ ನಾಚಿಕೆಯಾಯಿತು. ಇಪ್ಪತ್ತೊಂದು ಕಂಪನಿಗಳಿಗೆ ಗೆರೆ ಹಾಕಿದ್ದ ಆ ನೋಟುಪುಸ್ತಕದಲ್ಲಿ ಕೆಂಚಯ್ಯನ ಬಲಗಣ್ಣಿಗೆ ಒಂದು ಅಂಕಣವನ್ನು ನಾನು ಎಳೆದಿರಲಿಲ್ಲ.

ನಾಚಿಕೆಯಾದಾಗ ನನ್ನಂಥವರು ಕಾನೂನು ಮಾತಾಡುತ್ತಾರೆ. ಗೋಡೆಯ ಅರ್ಧ ಡೈರಿಯದು, ಇನ್ನರ್ಧ ಪಕ್ಕದ ಮನೆಯವರದು ಎಂದು ನನ್ನ ಕಣ್ಣಿಗೆ ಬಿತ್ತು. "ಇದು ಜಂಟಿ ಗೋಡೆ ಅಲ್ವಾ ಕೆಂಚಯ್ಯ? ಇಬ್ಬರ ಒಪ್ಪಿಗೆ ತಗೊಂಡಿದ್ದೀಯಾ?" ಎಂದೆ. "ಕೇಳ್ದೆ ಸಾ. ಬರ್ಕೋ ಓಗು ಅಂದ್ರು. ಇದ್ಕೂ ಮಜರು ಆಯ್ಬೇಕಾ?" ಎಂದ. ಟೇಪು ಯಾಕೆ ತರಿಸಿದೆ ಎಂದು ಕೇಳಿದೆ. ಗೋಡೆಗೆ ಹತ್ತಿದ ಹೆಸರು ಕಂಡು ಪಕ್ಕದೂರಿನವರೂ ತಮ್ಮ ಗದ್ದೆಗಳದ್ದು ಬರೆಸು ಎಂದು ಬಂದಿದ್ದರಂತೆ. ಉಳಿದ ಜಾಗದಲ್ಲಿ ಇದೇ ಅಳತೆಯ ಅಕ್ಷರದಲ್ಲಿ ಇನ್ನೆಷ್ಟು ಹೆಸರು ಹಿಡಿಸುತ್ತದೆ ಎಂದು ಲೆಕ್ಕ ಹಾಕಿಕೊಡಬೇಕಂತೆ. ನಾನು ಟೇಪು ಬಿಚ್ಚಿ ಒಂದು ತುದಿಯನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಗೋಡೆಯ ಆ ಅಂಚಿಗೆ ಒಯ್ದು, ಬೆರಳಿನಿಂದ ಮೂಲೆ ತಡವಿ ನೋಡಿ, ಹಿಂದಿನಂತೆಯೇ "ಇಡ್ದೆ ಸಾ" ಎಂದು ಕೂಗಿದ. ಹಿಂದೊಂದು ದಿನ ನಾವಿಬ್ಬರೂ ಹೀಗೇ ಎರಡು ತುದಿ ಹಿಡಿದು ಅವನ ಗದ್ದೆಯನ್ನು ರಸ್ತೆಗೆ ಅಳೆದು ಕೊಟ್ಟಿದ್ದೆವು. ನನಗೆ ಅಳತೆ ಸರಿಯಾಗಿ ಕಾಣಲಿಲ್ಲ, ಎರಡು ಸಲ ಓದಬೇಕಾಯಿತು. ಹಾಲು ಹಾಕಲು ಬಂದವರು ನಮ್ಮಿಬ್ಬರಿಗೂ ಟೀ ಕೊಡಿಸಿದರು.

ಮನೆಗೆ ಬಂದವನೇ, ಚಪ್ಪಲಿ ಬಿಟ್ಟು ಕೈಕಾಲೂ ತೊಳೆಯದೆ, ಆ ಮದ್ದೂರಿನ ಹುಡುಗಿಯ ಕಂಪನಿಯಲ್ಲಿ ಎಲ್ಲಕ್ಕಿಂತ ಚಿಕ್ಕದಾದ, ಶೇರ್ಡ್ ಎಂದು ನಾನೇ ಕೆಂಪು ಕಾಟು ಹೊಡೆದಿದ್ದ ಪ್ಲಾನನ್ನು ತೆಗೆದುಕೊಂಡೆ. ಎಂಟು ನಿಮಿಷ ಹಿಡಿಯಿತು. ಮೇಡಂ ಹತ್ತು ಎಂದಿದ್ದರು, ಪಾಪ, ನನ್ನ ಬೆರಳಿಗೆ ಎರಡು ನಿಮಿಷ ಹೆಚ್ಚು ಕೊಟ್ಟಿದ್ದರು. ಮುಖಪುಟಕ್ಕೆ ಆ ಗೋಡೆಯ ಫೋಟೋ ಹಾಕಿದೆ. ಅದರ ಕೆಳಗೆ ಕೆಂಚಯ್ಯನ ಹೆಸರನ್ನು ಮೊದಲು, ನನ್ನದನ್ನು ಆಮೇಲೆ ಬರೆದೆ. ಜಾಲತಾಣದ ಚಕ್ಕುಬಂದಿಯನ್ನೂ ಬರೆದೆ: ನಾಲ್ಕು ದಿಕ್ಕಿಗೂ ಗುರುತಿಲ್ಲದ ನೆರೆಹೊರೆಯವರು, ಇಲ್ಲಿಯವರೆಗೆ ಯಾವ ತಕರಾರೂ ಇಲ್ಲ. ಜಯಮ್ಮ ಹಿಂದೆ ನಿಂತು ಓದಿ, ಒಳಗೆ ಹೋಗಿ ಪಾಯಸಕ್ಕೆ ಇಟ್ಟಳು.

ಮೊನ್ನೆ ಬೆಳಿಗ್ಗೆ ಕಾಫಿ ಕುಡಿಯುತ್ತ ಜಾಲತಾಣ ತೆರೆದರೆ ಬಿಳಿ ಹಾಳೆ ಬಂತು. ಕಂಪನಿಗೆ ಫೋನು ಮಾಡಿದೆ. ಮದ್ದೂರಿನ ಹುಡುಗಿ ಸಿಗಲಿಲ್ಲ, ಬೇರೆ ಯಾರೋ ಸಿಕ್ಕಿ, ಯಂತ್ರದಲ್ಲಿ ದುರಸ್ತಿ ನಡೆದಿದೆ, ಮಧ್ಯಾಹ್ನದೊಳಗೆ ಸರಿಹೋಗುತ್ತದೆ ಎಂದು ನಯವಾಗಿ ಹೇಳಿದರು. ಮನಸ್ಸು ತಡೆಯದೆ ಕೆಂಚಯ್ಯನಿಗೆ ಮಾಡಿ, ಗೋಡೆ ಹೇಗಿದೆ ಎಂದು ಕೇಳಿದೆ. "ಅದೆ ಸಾ. ಯಾರ್ದೋ ಎಮ್ಮೆ ಬೆನ್ ಉಜ್ಜಿ ಒಂದಕ್ಸರ ಅಳ್ಸಾಕಿತ್ತು, ನೆನ್ನೆ ತಿದ್ಸ್ದೆ. ನಿಮ್ದು?" ಎಂದ. ನನ್ನದು ಪೂರ್ತಿ ಅಳಿಸಿಹೋಗಿದೆ ಕೆಂಚಯ್ಯ, ಮಧ್ಯಾಹ್ನ ಬರುತ್ತದಂತೆ ಎಂದೆ. "ಗಾಬ್ರಿ ಬೀಳ್ಬ್ಯಾಡಿ. ಅಲ್ಲೀಗಂಟ ನಿಮ್ದು ನೋಡೋರ್ನೆಲ್ಲ ಇಲ್ಗೇ ಬಂದ್ ನೋಡ್ಕ ಓಗಿ ಅಂತ ಯೋಳ್ಬುಡಿ ಸಾ" ಎಂದ. ನನ್ನದನ್ನು ನೋಡುವವರೆಲ್ಲ ಎಂದರೆ ಸದ್ಯಕ್ಕೆ ನಾನೊಬ್ಬನೇ. ಚಪ್ಪಲಿ ಮೆಟ್ಟಿಕೊಂಡು ದುದ್ದದ ಬಸ್ಸು ಹಿಡಿದೆ.